ಹುಲ್ಲಿನ ಸರದಿ

ಹೂವು ಬೆಳೆದವನನ್ನು ರಸಿಕ ಎನ್ನುತ್ತಾರೆ, ಬಾಳೆ ಬೆಳೆದವನನ್ನು ಜಾಣ ಎನ್ನುತ್ತಾರೆ, ಬತ್ತ ಬೆಳೆದವನಿಗೆ ಹೆಣ್ಣು ಕೊಡುತ್ತಾರೆ. ಹುಲ್ಲು ಬೆಳೆದವನಿಗೆ ಮಾತ್ರ ಲೋಕದಲ್ಲಿ ಒಂದು ಒಳ್ಳೆಯ ಹೆಸರಿಲ್ಲ. ಹುಲ್ಲು ತಾನಾಗಿ ಹುಟ್ಟುವ ವಸ್ತು, ಅದನ್ನು ಕೀಳುವುದಕ್ಕೇ ಬೇಸಾಯ ಎನ್ನುವುದು ಎಂಬುದು ಎಲ್ಲರ ತಿಳಿವಳಿಕೆ. ಅಂಥ ಹುಲ್ಲನ್ನು ಬೀಜ ಹಾಕಿ, ಗೊಬ್ಬರ ಹಾಕಿ, ಬೇಲಿ ಕಟ್ಟಿ ಬೆಳೆಸಿರಪ್ಪಾ ಎಂದು ಹೇಳಿಕೊಂಡು ತಿರುಗುವುದಕ್ಕಾಗಿ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ತಿ. ನರಸೀಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸುತ್ತಲಿನ ಹಳ್ಳಿಗಳಿಗೆ ಸೈಕಲ್ ತುಳಿಯುತ್ತಿದ್ದ ಗ್ರಾಮಸೇವಕ. ನಮ್ಮ ಕಡೆಯ ಹಳ್ಳಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಾದ್ದರಿಂದ ನನ್ನನ್ನು ಎಲ್ಲರೂ ‘ಉಲ್ಲಿನ ಸಾ’ ಎಂದು ಕರೆಯುತ್ತಿದ್ದರು. ನನಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

ಮನೆಯ ಕಡೆಯೂ ಮರ್ಯಾದೆ ಅಷ್ಟಕ್ಕಷ್ಟೆ. ನನ್ನ ಮಾವ ಗುರುಸಿದ್ದಪ್ಪನವರು ನಂಜನಗೂಡಿನವರು, ನಿವೃತ್ತ ಹೆಡ್‌ಮಾಸ್ಟರು. ಮಠದ ಆಸರೆಯಲ್ಲಿ ಓದಿ ಮೇಲೆ ಬಂದ ಮನೆತನ. ಅವರಿಗೆ ಇಂಗ್ಲಿಷ್ ವ್ಯಾಕರಣದ ಮೇಲೆ ಅಪಾರ ನಂಬಿಕೆ, ನನ್ನ ಮೇಲೆ ಅಷ್ಟಿಲ್ಲ. ಮನೆಗೆ ಬಂದವರಿಗೆ ನನ್ನನ್ನು ತೋರಿಸಿ “ಅಳಿಯಂದಿರು ಅಗ್ರಿಕಲ್ಚರ್” ಎನ್ನುತ್ತಿದ್ದರು. ಅಗ್ರಿಕಲ್ಚರಿನಲ್ಲಿ ಏನು ಎಂದು ಯಾರಾದರೂ ಕೆದಕಿದರೆ “ಸೈಂಟಿಫಿಕ್” ಎಂದು ಹೇಳಿ ಕಾಫಿಗೆ ಕೂಗಿಬಿಡುತ್ತಿದ್ದರು. ಬೀಗರೂಟದ ದಿನ ನನ್ನ ನಾದಿನಿಯರು ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕಕ್ಕೆ, ಒಂದು ಹಿಡಿ ಗರಿಕೆ ಬಡಿಸಿ ಬಾಯಿಗೆ ಸೆರಗು ಮುಚ್ಚಿಕೊಂಡು ನಿಂತಿದ್ದರು. ನಗಬೇಕಾಗಿತ್ತು ನಾನು. ಅದರ ಬದಲು, ಗರಿಕೆಯಲ್ಲಿ ಪ್ರೋಟೀನ್ ಕಡಿಮೆ, ಇದಕ್ಕಿಂತ ಒಳ್ಳೆಯ ಹುಲ್ಲುಗಳಿವೆ ಎಂದು ವಿವರಿಸತೊಡಗಿದೆ. ಪಕ್ಕದಲ್ಲಿ ಕೂತಿದ್ದ ಗಿರಿಜೆ, ಅಂದರೆ ನನ್ನ ಹೆಂಡತಿ, ತಲೆ ತಗ್ಗಿಸಿದಳು. ಹೊಸ ಮದುವಣಗಿತ್ತಿಯ ನಾಚಿಕೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ನನ್ನ ಸಿದ್ಧಾಂತ ಸರಳವಾದದ್ದು. ನಮ್ಮ ಕಡೆಯ ಕೆಂಪು ಮಣ್ಣಿನ ಖುಷ್ಕಿ ಹೊಲಗಳಲ್ಲಿ ವರ್ಷದ ಮೇಲೆ ವರ್ಷ ರಾಗಿ, ಜೋಳ ಹಾಕಿ ಹಾಕಿ ಮಣ್ಣಿನಲ್ಲಿ ಸಾರವೇ ಉಳಿದಿರಲಿಲ್ಲ. ಅಂಥ ಹೊಲಕ್ಕೆ ಮೂರು ವರ್ಷ ಬಿಡುವು ಕೊಟ್ಟು, ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಚಿಗುರುವ ಹುಲ್ಲನ್ನೂ, ಅದರ ಜೊತೆಗೆ ಅವರೆ, ಹುರುಳಿಯ ವಂಶಕ್ಕೆ ಸೇರಿದ ಒಂದು ಮೇವಿನ ಸೊಪ್ಪನ್ನೂ ಬೆರೆಸಿ ಬಿತ್ತಬೇಕು. ಸೊಪ್ಪಿನ ಬೇರಿನ ಗಂಟುಗಳು ಗಾಳಿಯಲ್ಲಿರುವ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ. ಹುಲ್ಲಿನ ಬೇರು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ದನ ಮೇಯುತ್ತವೆ, ಹಾಲು ಕೊಡುತ್ತವೆ, ಸಗಣಿ ಹಾಕುತ್ತವೆ. ಮೂರು ವರ್ಷ ನೇಗಿಲು ಮುಟ್ಟಿಸಬಾರದು. ನಾಲ್ಕನೆಯ ವರ್ಷ ಉತ್ತು ರಾಗಿ ಹಾಕಿದರೆ ತೆನೆಯ ತೂಕಕ್ಕೆ ಪೈರು ಬಾಗಬೇಕು. ಇದಕ್ಕೆ ಬೆಳೆ ಸರದಿ ಎಂದು ಹೆಸರು. ಮೊದಲು ಹುಲ್ಲಿನ ಸರದಿ, ಆಮೇಲೆ ರಾಗಿಯ ಸರದಿ, ಆಮೇಲೆ ಮತ್ತೆ ಹುಲ್ಲಿನದು. ನನಗಿದು ವೇದದಷ್ಟು ಸತ್ಯವಾಗಿ ಕಾಣುತ್ತಿತ್ತು. ಈಗಲೂ ಸತ್ಯವೇ, ಮಣ್ಣಿನ ಮಟ್ಟಿಗೆ.

ಹಳ್ಳಿಯ ಚಾವಡಿಯಲ್ಲಿ ಕೂತು ಇದನ್ನು ಹೇಳಿದರೆ ಜನ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಒಬ್ಬ ಮುದುಕಿ, “ನಮ್ ವಲ್ದಲ್ಲಿ ಉಲ್ಲುಟ್ಲಿ ಅಂತ ಶಾಪ ಆಕಕ್ಕೆ ಸರ್ಕಾರ್ದೋರು ಸಂಬ್ಳ ಕೊಟ್ಟು ಕಳ್ಸವ್ರಾ ನಿನ್ನಾ?” ಎಂದು ಕೇಳಿದಳು. ಇನ್ನೊಬ್ಬ ರೈತ, “ನಮ್ಮಪ್ಪ ಗರ್ಕೆ ಕಿತ್ತು ಕಿತ್ತೇ ಬೆನ್ನು ಬಗ್ಗೋಗಿ ಸತ್ತ ಸಾ. ಈಗ ನಾನೇ ಬಿತ್ತುದ್ರೆ ಗುಂಡಿಯಿಂದ ಎದ್ದು ಬತ್ತಾನೆ” ಎಂದ. ಬೀಜದ ಹೆಸರುಗಳೂ ನನಗೆ ನೆರವಾಗಲಿಲ್ಲ. ಆ ಮೇವಿನ ಸೊಪ್ಪಿನ ಹೆಸರು ಸ್ಟೈಲೋ, ಅದು ಅವರ ಬಾಯಲ್ಲಿ ‘ಇಸ್ಟೈಲ್ ಸೊಪ್ಪು’ ಆಯಿತು. ರೋಡ್ಸ್ ಹುಲ್ಲು ‘ರೋಡುಲ್ಲು’ ಆಗಿ, ಇದನ್ನು ಹಾಕಿದ ಜಮೀನು ರಸ್ತೆಗೆ ಹೋಗುತ್ತದಂತೆ ಎಂಬ ಗುಲ್ಲು ಎದ್ದು, ಒಂದು ಊರಿನಲ್ಲಿ ನನ್ನ ಸೈಕಲ್ಲಿನ ಗಾಳಿ ಬಿಟ್ಟರು. ಯಾರೂ ಒಯ್ಯದ ಬೀಜದ ಚೀಲಗಳು ನಮ್ಮ ಮನೆಯ ಮಂಚದ ಕೆಳಗೆ ಬಿದ್ದಿದ್ದವು. ಅಕ್ಕಿಯ ಡಬ್ಬಿಯನ್ನು ಕೊರೆದ ಇಲಿಗಳು ಕೂಡ ಅವನ್ನು ಮುಟ್ಟಿರಲಿಲ್ಲ. “ಇಲಿಗಳಿಗೂ ನಿಮ್ಮ ವಿಷಯ ಮನದಟ್ಟಾಗಿಲ್ಲ” ಎಂದು ಗಿರಿಜೆ ಗುಡಿಸುವಾಗಲೆಲ್ಲ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮಾವನವರು ನಂಜನಗೂಡಿನ ಬಸ್ಸಿನಲ್ಲಿ ಬಂದಿಳಿದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು, “ಅಳಿಯಂದಿರೆ, ಆ ನಿಮ್ಮ ಹುಲ್ಲಿನ ವಿಚಾರ ಸ್ವಲ್ಪ ಹೇಳಿ” ಎಂದರು. ಮದುವೆಯಾದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಬೇರಿನ ಗಂಟಿನಿಂದ ಶುರು ಮಾಡಿ ಹಾಲಿನ ಕೊಬ್ಬಿನವರೆಗೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದೆಡೆ ಮಾತ್ರ ಕಣ್ಣು ಬಿಟ್ಟರು.

“ಮೂರು ವರ್ಷ ಉಳಲೇಬಾರದೋ?”

“ಉಳಬಾರದು. ಉತ್ತರೆ ಎಲ್ಲ ಹಾಳು.”

“ಬೇರೆಯವರ ನೇಗಿಲು ಹೊಲಕ್ಕೆ ಇಳಿಯುವ ಪ್ರಸಂಗವೇ ಬರುವುದಿಲ್ಲ?”

“ಯಾರ ನೇಗಿಲೂ ಇಳಿಯಬಾರದು.”

“ಮೂರಕ್ಕಿಂತ ಹೆಚ್ಚು ವರ್ಷ ಬಿಟ್ಟರೆ?”

“ಇನ್ನೂ ಒಳ್ಳೆಯದೇ” ಎಂದೆ. ಈ ವಯಸ್ಸಿನಲ್ಲೂ ಎಂಥ ಜ್ಞಾನದಾಹ ಎಂದು ಬೆರಗಾಯಿತು. ಅವರು ಹೋದ ಮೇಲೆ ಗಿರಿಜೆಗೆ, ನಿಮ್ಮಪ್ಪನನ್ನು ನಾನು ತಪ್ಪು ತಿಳಿದಿದ್ದೆ ಎಂದು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಒಂದು ಕಲ್ಲು ತೆಗೆದು ಹೊರಗೆ ಎಸೆದಳು.

ಮಾವನವರ ಜಮೀನು ಇದ್ದದ್ದು ನಂಜನಗೂಡಿಗೂ ನರಸೀಪುರಕ್ಕೂ ನಡುವಿನ ಒಂದು ಹುಂಡಿಯಲ್ಲಿ. ಹುಂಡಿ ಎಂದರೆ ಸಣ್ಣ ಹಳ್ಳಿ. ಅಷ್ಟು ಹೇಳಿದರೆ ಸಾಕು, ನಮ್ಮ ಕಡೆ ಎರಡು ಊರಿಗೊಂದು ಹುಂಡಿಯೇ. ಹೊಳೆಯ ನೀರು, ನಾಲೆಯ ನೀರು ಎರಡೂ ಮುಟ್ಟದ ಮೂರು ಎಕರೆ ಕೆಂಪು ಹೊಲ. ಅದನ್ನು ಅವರ ತಂದೆಯ ಕಾಲದಿಂದ ಮಾದಯ್ಯನ ಮನೆಯವರು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಮೇಷ್ಟ್ರಿಗೆ, ಅರ್ಧ ಮಾದಯ್ಯನಿಗೆ, ಮಾತಿನ ಮೇಲೆ ನಡೆದುಕೊಂಡು ಬಂದ ವ್ಯವಹಾರ. ಕೆಳಗಿನ ಕೇರಿಯಲ್ಲಿ ಮಾದಯ್ಯನದೊಂದು ಗುಡಿಸಲು, ಹೆಂಡತಿ ಸಣ್ಣತಾಯಮ್ಮ, ಮಕ್ಕಳು, ಒಂದು ಜೊತೆ ಎತ್ತು. ಬೇರೆ ಹೊಲ ಅವನಿಗೆ ಇರಲಿಲ್ಲ. ಉದ್ದನೆಯ ಮನುಷ್ಯ, ಮಾತಿಗೆ ಮುಂಚೆ ನಗುತ್ತಿದ್ದ. ಉಳುವಾಗ ಎತ್ತುಗಳಿಗೆ ಬೈಯುತ್ತಿದ್ದ ಬೈಗುಳ ಮಾತ್ರ ಬಹಳ ಕೊಳಕು. ನಾನು ಹತ್ತಿರ ಬಂದರೆ ಅದನ್ನು ಅರ್ಧಕ್ಕೆ ನುಂಗಿ “ಬಸ್ವಾ” ಎಂದು ಮುಗಿಸುತ್ತಿದ್ದ.

ಹುಲ್ಲು ಹಾಕುತ್ತೇವೆ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ ತಿಳಿದವರು ನೀವೇ, ನೀವೇ ಹೇಳಿ ಎಂದರು ಮಾವ. ಹೊಲದ ಬದುವಿನ ಮೇಲೆ ಕೂತು ಮಾದಯ್ಯನಿಗೆ ಹೇಳಿದೆ. ಅವನು ಅಂಗೈಯಲ್ಲಿ ಮಣ್ಣು ಉಜ್ಜುತ್ತಾ ಕೇಳಿಸಿಕೊಂಡ. “ಮೂರ್ ವರ್ಸ ನಾವೇನ್ ಉಣ್ಣದು ಸಾ?” ಎಂದ. ಅದು ನನ್ನ ಪಾಠದಲ್ಲಿ ಇರಲಿಲ್ಲ. ಹುಲ್ಲು ಕುಯ್ಯುವ ಕೂಲಿ ಸಿಗುತ್ತದೆ, ಆ ಕಡೆ ಹುಲ್ಲಹಳ್ಳಿಯ ನಾಲೆ ಬಯಲಿನಲ್ಲಿ ನಾಟಿ ಕೆಲಸ ಇದ್ದೇ ಇದೆ, ನಂಜನಗೂಡಿನ ಹತ್ತಿರ ಫ್ಯಾಕ್ಟರಿ ಕಟ್ಟುತ್ತಿದ್ದಾರೆ, ಮೂರು ವರ್ಷ ಹೇಗೋ ಕಳೆದರೆ ನಾಲ್ಕನೆಯ ವರ್ಷ ಎರಡರಷ್ಟು ರಾಗಿ ಎಂದೆ.

“ಆಗ ನಾನೇ ಉಳೋದು ತಾನೆ?”

“ಮತ್ತೆ ಇನ್ಯಾರು? ನಾಲ್ಕನೇ ವರ್ಷ ನಿನ್ನ ಸರದಿ” ಎಂದೆ.

ನಾನು ಸರ್ಕಾರದ ಪರವಾಗಿ ಆ ಹತ್ತೂರಿನಲ್ಲಿ ಬೇಕಾದಷ್ಟು ಭರವಸೆ ಕೊಟ್ಟಿದ್ದೇನೆ. ಬೀಜ ಹುಟ್ಟುತ್ತದೆ ಎಂದಿದ್ದೇನೆ, ಔಷಧಿ ನಾಳೆ ಬರುತ್ತದೆ ಎಂದಿದ್ದೇನೆ. ಒಬ್ಬರೂ ನಂಬಿರಲಿಲ್ಲ. ನಂಬಿದವನು ಮಾದಯ್ಯ ಒಬ್ಬನೇ.

ಬಿತ್ತನೆ ಚೆನ್ನಾಗಿ ಆಯಿತು, ಮಳೆಯೂ ಕೈ ಕೊಡಲಿಲ್ಲ. ಹೊಲದ ಮೂಲೆಯಲ್ಲಿ ಒಂದು ಹಲಗೆ ನೆಡಬೇಕು ಎಂದು ಮಾವನವರೇ ಹೇಳಿ, ನಂಜನಗೂಡಿನ ಪೇಂಟರಿಂದ ಸ್ವಂತ ಖರ್ಚಿನಲ್ಲಿ ಬರೆಸಿ ಗಾಡಿಯಲ್ಲಿ ತಂದರು. ‘ಬಹುವಾರ್ಷಿಕ ಹುಲ್ಲು ಮತ್ತು ದ್ವಿದಳ ಮೇವಿನ ಪ್ರಾತ್ಯಕ್ಷಿಕೆ’ ಎಂದು ಮೇಲೆ ಸಣ್ಣಕ್ಷರದಲ್ಲಿತ್ತು. ಕೆಳಗೆ, ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗೆ, ‘ಮಾಲೀಕರು ಹಾಗೂ ಸ್ವಂತ ಸಾಗುವಳಿದಾರರು: ಶ್ರೀ ಗುರುಸಿದ್ದಪ್ಪನವರು’ ಎಂದಿತ್ತು. ಸ್ವಂತ ಎಂಬ ಪದ ಮಾತ್ರ ಕೆಂಪು ಬಣ್ಣದಲ್ಲಿ. ಹೆಡ್‌ಮಾಸ್ಟರ ಕೈ, ಮುಖ್ಯ ಪದಕ್ಕೆ ಅಡಿಗೆರೆ ಎಳೆಯುವ ಅಭ್ಯಾಸ ಎಂದುಕೊಂಡು ನಾನು ಆ ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಓದುಬರಹ ಬಾರದ ಮಾದಯ್ಯನೇ ಆ ಹಲಗೆಗೆ ಗುಂಡಿ ತೋಡಿ, ಕಲ್ಲು ಬಡಿದು, ಅಲ್ಲಾಡದ ಹಾಗೆ ನಿಲ್ಲಿಸಿದ.

ಮೊದಲ ವರ್ಷ ಹುಲ್ಲು ಮೊಣಕಾಲಿಗೆ ಬಂತು, ಎರಡನೆಯ ವರ್ಷ ಸೊಂಟಕ್ಕೆ. ಮಾವನವರು ಎರಡು ಸೀಮೆಹಸು ತಂದು ಅಲ್ಲೇ ಕೊಟ್ಟಿಗೆ ಕಟ್ಟಿಸಿ, ದೂರದ ನೆಂಟನೊಬ್ಬನನ್ನು ಕಾವಲಿಗೆ ಇಟ್ಟರು. ಮಾದಯ್ಯನ ಎತ್ತುಗಳು ಬೇಲಿಯ ಹೊರಗೆ ನಿಂತು ನೋಡುತ್ತಿದ್ದವು. ಮೊದಲು ಅವನ ಪಾಲಿನ ಜೋಳದ ಕಡ್ಡಿ, ರಾಗಿ ಹುಲ್ಲು ತಿಂದು ಬದುಕುತ್ತಿದ್ದ ಎತ್ತುಗಳು. ಈಗ ಸುತ್ತಮುತ್ತ ಅಷ್ಟು ಹಸಿರು ಇನ್ನೆಲ್ಲೂ ಇರಲಿಲ್ಲ, ಅವಕ್ಕೆ ಅದರಲ್ಲಿ ಒಂದು ಬಾಯಿಯೂ ಇರಲಿಲ್ಲ. ಪ್ರಾತ್ಯಕ್ಷಿಕೆಯ ಹುಲ್ಲು ಕೆಡಬಾರದು ಎಂದು ಮಾವ ಖಂಡಿತವಾಗಿ ಹೇಳಿದ್ದರು. ಎರಡನೆಯ ಬೇಸಿಗೆಯಲ್ಲಿ ಮಾದಯ್ಯ ಒಂದು ಎತ್ತನ್ನು ತಿ. ನರಸೀಪುರದ ಸಂತೆಯಲ್ಲಿ ಮಾರಿದ. ಸಂತೆಯಿಂದ ನೇರವಾಗಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ನೀರು ಕೇಳಿದ. “ಒಂದೆತ್ತು ಉಳಿಸ್ಕೊಂಡಿವ್ನಿ ಸಾ. ನನ್ ಸರ್ದಿ ಬಂದಾಗ ಇನ್ನೊಂದ ಎಲ್ಲಾರ ಕೇಳಿ ತತ್ತೀನಿ” ಎಂದ. ಗಿರಿಜೆ ಅವನಿಗೆ ಊಟಕ್ಕೆ ಇಟ್ಟಳು. ಅವನು ಮಾರಿದ ಎತ್ತಿನ ಹಗ್ಗವನ್ನು ಎಡಗೈಗೆ ಹಾಗೇ ಸುತ್ತಿಕೊಂಡು ಉಂಡ.

ಇತ್ತ ನನ್ನ ಅದೃಷ್ಟ ಖುಲಾಯಿಸಿತು. ಇಷ್ಟು ದಿನ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ ಜಮೀನುದಾರರು ಮನೆ ಹುಡುಕಿಕೊಂಡು ಬಂದು ಹುಲ್ಲಿನ ಬೀಜ ಕೇಳತೊಡಗಿದರು. ವಕೀಲರು ಬಂದರು, ದೇವಸ್ಥಾನದ ಕಡೆಯವರು ಬಂದರು, ಮೈಸೂರಿನಲ್ಲಿ ಮನೆ ಮಾಡಿಕೊಂಡು ಹೊಲದ ಮುಖವನ್ನೇ ನೋಡದವರು ಬಂದರು. ಮಂಚದ ಕೆಳಗಿನ ಚೀಲಗಳು ಒಂದು ವಾರದಲ್ಲಿ ಖಾಲಿಯಾದವು. ಮೇಲಧಿಕಾರಿಗಳು ಜೀಪಿನಲ್ಲಿ ಬಂದು ಮಾವನವರ ಹೊಲ ನೋಡಿ, ಇಷ್ಟು ಬೇಗ ರೈತರ ಮನಸ್ಸು ಹೇಗೆ ಬದಲಾಯಿಸಿದಿರಿ ಎಂದು ಕೇಳಿದರು. “ನಿರಂತರ ಸಂಪರ್ಕದಿಂದ ಸಾರ್” ಎಂದೆ. ಅವರು ಬೆನ್ನು ತಟ್ಟಿದರು. ಆ ರಾತ್ರಿ ಬೆನ್ನು ಕೆಳಗೆ ಮಾಡಿ ಮಲಗಲು ಮನಸ್ಸಾಗಲಿಲ್ಲ.

ಸತ್ಯ ಹೊರಬಿದ್ದದ್ದು ನಂಜನಗೂಡಿನಲ್ಲಿ, ಮಾವನವರ ಮನೆಯ ಜಗಲಿಯ ಮೇಲೆ. ಒಂದು ಭಾನುವಾರ ಅವರು ನಾಲ್ಕಾರು ಜನ ಜಮೀನುದಾರರನ್ನು ಸೇರಿಸಿ, ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದರು. ನಾನು ಹುಲ್ಲನ್ನೂ ಮೇವಿನ ಸೊಪ್ಪನ್ನೂ ಬೇರುಸಹಿತ ಕಿತ್ತುಕೊಂಡು ಹೋಗಿದ್ದೆ. ಸೊಪ್ಪಿನ ಬೇರಿನ ಗಂಟುಗಳನ್ನು ಬೆರಳಿನಲ್ಲಿ ಎತ್ತಿ ತೋರಿಸುತ್ತಿರುವಾಗ ಒಬ್ಬ ದಪ್ಪ ಮನುಷ್ಯರು ಅಡಿಕೆ ಕತ್ತರಿಸುತ್ತಾ, “ಗಂಟು ಇರಲಿ ಸ್ವಾಮಿ. ಇದು ಹಾಕಿದ ಮೇಲೆ ಉಳೋ ಹಾಗಿಲ್ಲ ತಾನೆ?” ಎಂದರು. ಉಳುವ ಹಾಗಿಲ್ಲ ಎಂದೆ. “ಸರ್ಕಾರದವರೇ ಹಾಗೆ ಹೇಳ್ತಾರೆ ತಾನೆ?” ಹೌದು ಎಂದೆ. “ಸಾಕು” ಎಂದರು. ಎಲ್ಲರೂ ಮಾವನವರ ಕಡೆ ನೋಡಿ ನಕ್ಕರು. ಜಾಣ ವಿದ್ಯಾರ್ಥಿ ಉತ್ತರ ಹೇಳಿದಾಗ ಮೇಷ್ಟ್ರು ನಗುವ ಹಾಗೆ ಮಾವ ನಕ್ಕರು. ನಾನೂ ನಕ್ಕೆ, ಏಕೆ ಎಂದು ಗೊತ್ತಿಲ್ಲದೆ.

ವಾಪಸು ಬಸ್ಸಿನಲ್ಲಿ ಗಿರಿಜೆ ಕಿಟಕಿಯ ಹೊರಗೆ ನೋಡುತ್ತಾ, “ನಿಮಗೆ ನಿಜವಾಗಲೂ ತಿಳಿದಿಲ್ಲವೋ, ತಿಳಿದೂ ಸುಮ್ಮನಿದ್ದೀರೋ?” ಎಂದು ಕೇಳಿದಳು. ಏನು ಎಂದೆ. “ಉಳುವವನೇ ಹೊಲದ ಒಡೆಯ ಅಂತ ಕಾನೂನು ಬಂದಿದೆಯಲ್ಲ, ಅದು ಕೇಳಿದ್ದೀರಾ?” ಕೇಳದೆ ಏನು. ಗೇಣಿ, ವಾರ ಮಾಡುವವರು ತಾವು ಉಳುತ್ತಿರುವ ಜಮೀನಿಗೆ ಅರ್ಜಿ ಕೊಟ್ಟರೆ, ತನಿಖೆ ಆಗಿ, ಜಮೀನು ಅವರ ಹೆಸರಿಗೆ ಆಗುವುದು ಎಂದು ಊರೂರಿನ ಗೋಡೆಯ ಮೇಲೆ ಬರೆದಿದ್ದರು. ಅದು ಕಂದಾಯದವರ ವಿಷಯ, ನನ್ನದು ಬೇಸಾಯ ಎಂದು ನಾನು ಅದರ ಮುಂದೆ ಸೈಕಲ್ ತುಳಿದುಕೊಂಡು ಹೋಗಿದ್ದೆ. ಗಿರಿಜೆ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದಳು. “ತನಿಖೆಗೆ ಬಂದವರು ಹೊಲದಲ್ಲಿ ಯಾರ ನೇಗಿಲಿದೆ ಅಂತ ನೋಡ್ತಾರೆ. ನೇಗಿಲೇ ಇಳಿಯದ ಹೊಲದಲ್ಲಿ ಉಳುವವನು ಯಾರು? ಅಪ್ಪನ ಹಸು, ಅಪ್ಪನ ಕೊಟ್ಟಿಗೆ, ಅಪ್ಪನ ಹೆಸರಿನ ಬೋರ್ಡು. ಮೂರು ವರ್ಷ ಆದ ಮೇಲೆ ನೀನೇ ಉಳ್ತೀಯ ಅಂತ ಮಾದಯ್ಯನನ್ನು ಸುಮ್ಮನೆ ಕೂರಿಸಿದವರು ನೀವು. ಅಷ್ಟರಲ್ಲಿ ಅರ್ಜಿ ಕೊಡುವ ಕಾಲ ಮುಗಿದಿರುತ್ತೆ.” ಮತ್ತೆ ಕಿಟಕಿಯ ಕಡೆ ತಿರುಗಿ, “ಉಳಿದವರು ಬೀಜ ತಗೊಂಡು ಹೋದದ್ದೂ ಅದಕ್ಕೇ” ಎಂದಳು. ನನ್ನ ತೊಡೆಯ ಮೇಲೆ ಬೇರುಸಹಿತ ಕಿತ್ತ ಹುಲ್ಲು ಇತ್ತು. ಪಕ್ಕದ ಸೀಟಿನವನು ತನ್ನ ಕುರಿಗೆ ಅದನ್ನು ಕೇಳಿದ, ಕೊಟ್ಟುಬಿಟ್ಟೆ.

ನನಗೆ ಬಂದಂಥ ಕೋಪ ನನಗೇ ಹೊಸದು. ಮಾವನ ಮೇಲೆ, ಆ ದಪ್ಪ ಮನುಷ್ಯನ ಮೇಲೆ, ಇಷ್ಟು ದಿನ ಅಕ್ಕಿ ಆರಿಸುತ್ತಾ ಕೂತಿದ್ದ ಹೆಂಡತಿಯ ಮೇಲೆ ಕೂಡ. ಮಾರನೆಯ ದಿನವೇ ಸೈಕಲ್ ಹತ್ತಿ ಮಾದಯ್ಯನ ಗುಡಿಸಲಿಗೆ ಹೋದೆ. ಅರ್ಜಿ ಕೊಡಲು ಇನ್ನೂ ಅವಕಾಶವಿತ್ತು, ಕಡೆಯ ದಿನವನ್ನು ಮುಂದೆ ಮುಂದೆ ಹಾಕುತ್ತಲೇ ಇದ್ದರು. ಮಾದಯ್ಯ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಸುತ್ತು ಬಳಸದೆ ಹೇಳಿದೆ. ಈ ಹೊಲ ನೀನು ಉಳುತ್ತಿದ್ದದ್ದು ಎಂದು ಅರ್ಜಿ ಕೊಡು, ಊರಿನವರೆಲ್ಲ ನೋಡಿದ್ದಾರೆ, ನಾನೂ ಹೇಳುತ್ತೇನೆ, ಈಗಲೇ ನಡಿ, ತಾಲೂಕು ಕಚೇರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

ಅವನು ಹಗ್ಗ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ನಕ್ಕ.

“ನಂಗೊತ್ತು ಸಾ ನೀವ್ಯಾಕ್ ಬಂದಿದ್ದೀರ ಅಂತ. ಮೇಷ್ಟ್ರು ಕಳ್ಸವ್ರೆ.”

“ಮೇಷ್ಟ್ರಿಗೆ ಇದು ಗೊತ್ತೇ ಇಲ್ಲ ಮಾದಯ್ಯ.”

“ಅಂಗೇ ಯೋಳ್ಬೇಕು ನೀವು. ಅಳೀದೇವ್ರು ಬಂದು ಮಾವನ್ ಮ್ಯಾಲೆ ಅರ್ಜಿ ಆಕು ಅಂತಾರಾ? ನನ್ ನಿಯತ್ತು ಎಂಗದೆ ಅಂತ ನೋಡಕ್ಕೆ ಬಂದಿದ್ದೀರ.”

ಒಳಗಿನಿಂದ ಸಣ್ಣತಾಯಮ್ಮ ಹೊರಗೆ ಬಂದಳು. ಅವಳ ಕೈ ಹಿಟ್ಟಾಗಿತ್ತು. “ನಿಜ್ವಾಗ್ಲೂ ಆಕ್ಬೇಕಾ ಸಾ?” ಎಂದು ಕೇಳಿದಳು. ಅವಳೊಬ್ಬಳು ನನ್ನ ಮಾತನ್ನು ಅರ್ಧವಾದರೂ ನಂಬಿದ್ದಳು.

“ಸುಮ್ಕಿರಮ್ಮಿ, ಪರೀಕ್ಸೆ ಮಾಡ್ತಾವ್ರೆ” ಎಂದು ಮಾದಯ್ಯ ಅವಳನ್ನು ಒಳಗೆ ಕಳಿಸಿದ. “ನಾಕ್ನೆ ವರ್ಸ ನೀನೇ ಉಳ್ತೀಯ ಅಂತ ಯೋಳಿದ್ದು ನೀವೇ ಅಲ್ವಾ? ಅಗ್ರಿಕಲ್ಚರ್‌ನೋರು ಸುಳ್ ಯೋಳ್ತೀರಾ? ನಂಜುಂಡನ್ ಆಣೆ ಸಾ, ನಾನು ಅರ್ಜಿ ಆಕಕ್ಕಿಲ್ಲ. ಮೇಷ್ಟ್ರಿಗೆ ಯೋಳಿ, ಮಾದ ಅಂತೋನಲ್ಲ ಅಂತ.”

ನಾನು ಅರ್ಧ ಗಂಟೆ ವಾದ ಮಾಡಿದೆ. ನಾನು ಒತ್ತಾಯ ಮಾಡಿದಷ್ಟೂ ಪರೀಕ್ಷೆ ಕಠಿಣವಾಗುತ್ತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು, ಅಷ್ಟಷ್ಟೂ ಅವನು ಗಟ್ಟಿಯಾಗುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವನು, ಇವರು ನಾಟಕ ಚೆನ್ನಾಗಿ ಮಾಡುತ್ತಾರೆ ಎಂಬಂತೆ ತಲೆದೂಗಿದ. ಅಳಿಯ ಮಾವನಿಗೆ ಎದುರಾಗಿ ನಿಲ್ಲಬಹುದು ಎಂಬುದು ಅವನ ಊಹೆಗೆ ಸಿಗದ ಮಾತು. ನನ್ನ ಊಹೆಗೂ ಅದು ಹಿಂದಿನ ದಿನವಷ್ಟೇ ಸಿಕ್ಕಿತ್ತು.

ಮೂರೇ ದಿನಕ್ಕೆ ನಂಜನಗೂಡಿನಿಂದ ಕರೆ ಬಂತು. ನಾನು ಜಗಳಕ್ಕೆ ಸಿದ್ಧನಾಗಿ, ಆಡಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದೆ. ಮಾವನವರು ತಾವೇ ಕಾಫಿ ತಂದುಕೊಟ್ಟರು. “ಮಾದ ಬಂದಿದ್ದ. ನಡೆದುಕೊಂಡೇ ಬಂದಿದ್ದ, ಪಾಪ” ಎಂದರು. “ನೀವು ಅವನನ್ನು ಪರೀಕ್ಷೆ ಮಾಡಿದಿರಂತೆ. ತಾನು ಗೆದ್ದೆ ಅಂತ ಹೇಳಿಕೊಂಡು ಹೋದ. ನನ್ನ ಕಾಲು ಮುಟ್ಟಿ ಆಣೆ ಮಾಡಿದ.” ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರಿಗೆ ಎಲ್ಲವೂ ಗೊತ್ತಾಗಿತ್ತು, ನಾನು ಏಕೆ ಹೋಗಿದ್ದೆ ಎಂಬುದೂ. “ಅವನ ಮನಸ್ಸಿನಲ್ಲಿ ಏನಿದೆಯೋ ಅಂತ ನನಗೂ ಸ್ವಲ್ಪ ಅಳುಕಿತ್ತು. ನಾನೇ ಕೇಳೋದಕ್ಕೆ ಆಗ್ತಿರಲಿಲ್ಲ. ನೀವು ಮುತುವರ್ಜಿ ವಹಿಸಿ ಮಾಡಿದಿರಿ. ಸಂತೋಷ. ಇನ್ನೊಂದು ಸಲ ಪರೀಕ್ಷೆ ಬೇಡ.”

ನಾನು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಓದುವವರಿಗೆ ನನ್ನ ಮೇಲೆ ಗೌರವ ಬರಬಹುದು. ಆದರೆ ಅವನ್ನು ನಾನು ಆಡಿದ್ದು ವಾಪಸು ಬಂದ ಮೇಲೆ, ಮನೆಯಲ್ಲಿ, ಗಿರಿಜೆಯ ಹತ್ತಿರ. ಅವಳು ಕೇಳಿ, “ಅಲ್ಲಿ ಏನು ಹೇಳಿದಿರಿ?” ಎಂದಳು. ಕಾಫಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಎಂದೆ ಎಂದು ಒಪ್ಪಿಕೊಂಡೆ.

ಮೂರನೆಯ ವರ್ಷ ಕಳೆಯುವ ಹೊತ್ತಿಗೆ ಅರ್ಜಿಯ ಕಾಲ ಮುಗಿಯಿತು, ಈ ಸಲ ಮುಂದೆ ಹಾಕಲಿಲ್ಲ. ಆಮೇಲೂ ಮಳೆ ಬರುವವರೆಗೆ ಮಾವನವರು ಕಾದರು. ಅವರು ಯಾವ ಕೆಲಸವನ್ನೂ ಅವಸರದಿಂದ ಮಾಡಿದವರಲ್ಲ. ಉಳುವ ದಿನ ನಾನೂ ಇರಬೇಕು ಎಂದು ಹೇಳಿ ಕಳಿಸಿದರು. ನಾನು ಹೋಗುವ ಹೊತ್ತಿಗೆ ಬಾಡಿಗೆಗೆ ತರಿಸಿದ ಟ್ರ್ಯಾಕ್ಟರು ಅರ್ಧ ಹೊಲ ಮಗುಚಿತ್ತು. ಹುಲ್ಲಿನ ಬೇರು ಸಹಿತ ಎದ್ದ ಹೆಂಟೆಗಳು ಕಡುಗೆಂಪಾಗಿ, ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದ್ದವು. ಕೈಗೆ ತೆಗೆದುಕೊಂಡರೆ ಪುಡಿಯಾಗಿ ಬೆರಳ ಸಂದಿಯಲ್ಲಿ ಇಳಿಯಿತು. ಹೊಟ್ಟೆಗಿಲ್ಲದೆ ಸತ್ತಂತಿದ್ದ ಮಣ್ಣು ಅದು, ಮೂರು ವರ್ಷದ ಹಿಂದೆ. ನನ್ನ ಸಿದ್ಧಾಂತದಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಮಾದಯ್ಯ ಬೇಲಿಯ ಹೊರಗೆ ನಿಂತಿದ್ದ. ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ನೊಗಕ್ಕೆ ಅರಿಸಿನ ಕುಂಕುಮ ಇಟ್ಟು ತಂದಿದ್ದ. ಒಂದು ಅವನದು, ಇನ್ನೊಂದು ಯಾರದೋ ಕೇಳಿ ತಂದದ್ದು. ಅದು ಮೋಟು, ನೊಗ ಒಂದು ಕಡೆಗೆ ವಾಲಿತ್ತು. ಮಾವನವರು ಅವನ ಹತ್ತಿರ ಹೋಗಿ, ಮೃದುವಾಗಿಯೇ, “ಇನ್ನು ಮೇಲೆ ನಾವೇ ಸ್ವಂತ ಮಾಡಿಸೋಣ ಅಂತಿದ್ದೀವಿ ಕಣೋ ಮಾದ. ಕಳೆ ಕೀಳೋದಕ್ಕೆ, ಕುಯ್ಲಿಗೆ ನಿನ್ನನ್ನೇ ಕರೀತೀವಿ” ಎಂದರು. ಮಾದಯ್ಯ ನನ್ನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಸಾಕಾಗಿತ್ತು.

“ಅವತ್ತು ನೀವು ಬಂದಿದ್ದು ಪರೀಕ್ಸೆಗೆ ಅಲ್ವಾ ಸಾ?” ಎಂದು ಕೇಳಿದ.

“ಅಲ್ಲ ಮಾದಯ್ಯ” ಎಂದೆ.

ಅವನು ನೊಗ ಬಿಚ್ಚಿ ಹೆಗಲ ಮೇಲೆ ಇಟ್ಟುಕೊಂಡು ಎತ್ತುಗಳನ್ನು ತಿರುಗಿಸಿದ. ಎರವಲು ಎತ್ತು ಹಟ ಮಾಡಿತು. ಆ ದಿನ ಅವನು ಬೈಗುಳವನ್ನು ಅರ್ಧಕ್ಕೆ ನುಂಗಲಿಲ್ಲ, ಪೂರ್ತಿ ಬೈದ. ಎತ್ತಿನ ಹೆಸರು ಹೇಳದೆ ಬೈದ.

ಆ ವರ್ಷದ ಕೊಯ್ಲಿಗೆ ಅವನಾಗಲಿ ಸಣ್ಣತಾಯಮ್ಮನಾಗಲಿ ಬರಲಿಲ್ಲ. ಗುಡಿಸಲಿಗೆ ಬೀಗ ಕೂಡ ಹಾಕದೆ ನಂಜನಗೂಡಿನ ಫ್ಯಾಕ್ಟರಿ ಕಡೆ ಕಲ್ಲು ಮಣ್ಣು ಹೊರಲು ಹೋದರು ಎಂದು ಕೇಳಿದೆ. ನಾನು ಎರಡು ಸಲ ಹುಡುಕಿಕೊಂಡು ಹೋದೆ. ತಲೆಗೆ ವಸ್ತ್ರ ಸುತ್ತಿ ಬಾಣಲಿ ಹೊತ್ತವರು ಅಲ್ಲಿ ಎಷ್ಟೋ ಜನ ಇದ್ದರು, ಎಲ್ಲರೂ ಉದ್ದನೆಯವರಾಗಿಯೇ ಕಂಡರು. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಇತ್ತ ಇಲಾಖೆಯಲ್ಲಿ ನನಗೆ ಬಡ್ತಿ ಬಂತು. ಎರಡು ತಾಲೂಕಿನಲ್ಲಿ ಹುಲ್ಲು ಹರಡಿದ್ದಕ್ಕೆ ಸಭೆಯಲ್ಲಿ ಶಾಲು ಹೊದಿಸಿದರು. ಬೀಜ ಒಯ್ದ ಉಳಿದವರ ಹೊಲಗಳಲ್ಲಿ ಎಷ್ಟು ಮಾದಯ್ಯಂದಿರು ಇದ್ದರು ಎಂದು ನಾನು ಯಾರನ್ನೂ ಕೇಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಮಾವನವರು ಒಂದು ಮೂಟೆ ಹೊಸ ರಾಗಿ ಕಳಿಸಿದರು. ಅಳಿಯಂದಿರ ಹುಲ್ಲಿನ ಫಲ ಎಂದು ಹೇಳಿ ಕಳಿಸಿದ್ದರು. ನಾನು ಅದನ್ನು ವಾಪಸು ಕಳಿಸಬೇಕು ಎಂದೆ. ಗಿರಿಜೆ ಕಳಿಸಿ ಎಂದಳು. ಮೂಟೆ ಎರಡು ದಿನ ಜಗಲಿಯಲ್ಲಿತ್ತು. ಮೂರನೆಯ ದಿನ, ಮಳೆ ಹನಿದರೆ ನೆನೆಯುತ್ತದೆ ಎಂದು ನಾನೇ ಒಳಗೆ ಎಳೆದು ಹಾಕಿದೆ. ಒಂದು ಹಿಡಿ ತೆಗೆದು ನೋಡಿದೆ. ಕಾಳು ತುಂಬಿತ್ತು, ಬಣ್ಣ ಕಟ್ಟಿತ್ತು, ಅಂಗೈಯಲ್ಲಿ ತೂಕ ಗೊತ್ತಾಗುತ್ತಿತ್ತು. ಗಿರಿಜೆ ಅದನ್ನು ಬೀಸಿಸಿಕೊಂಡು ಬಂದು ಗುರುವಾರ ಮುದ್ದೆ ಕಟ್ಟಿದಳು, ಹುರುಳಿಕಾಳಿನ ಸಾರು ಮಾಡಿದಳು. ನನಗೆ ಒಂದು ತಟ್ಟೆ ಇಟ್ಟು ಗೋಡೆಗೆ ಒರಗಿ ಕೂತಳು. ನಿನಗೆ ಎಂದೆ. “ಇವತ್ತು ನನಗೆ ಉಪವಾಸ” ಎಂದಳು. ಅವರ ಮನೆಯಲ್ಲಿ ಉಪವಾಸ ಸೋಮವಾರ. ಗುರುವಾರದ ಉಪವಾಸ ಅವಳ ತಾಯಿಯ ಕಾಲದಿಂದಲೂ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ನನಗೆ ಗೊತ್ತು ಎಂಬುದು ಅವಳಿಗೂ ಗೊತ್ತಿತ್ತು. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಅಂಥ ರಾಗಿಯನ್ನು ನಾನು ಹುಟ್ಟಿದ ಮೇಲೆ ತಿಂದಿರಲಿಲ್ಲ. ಅವಳು ನೋಡುತ್ತಲೇ ಇದ್ದಳು. ನಾನು ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದು ಹಾಕು ಎಂದೆ.